ಮೈನಸ್ 40ರಲ್ಲಿ ಡಯಲ್ ಗೇಜ್ ಮುಳ್ಳು ನಿಂತುಬಿಡುತ್ತದೆ, ಏನು ಮಾಡಲಿ?

ಪೀಣ್ಯ ಫಿಟ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು, ನಾನು, ಜೊತೆಗೆ ಇಬ್ಬರು ಹುಡುಗರು. ಜಿಗ್ಗು, ಫಿಕ್ಸ್ಚರು, ಇನ್‌ಸ್ಪೆಕ್ಷನ್ ಗೇಜು ಮಾಡುವುದು ನಮ್ಮ ಕೆಲಸ.

ಹೋದ ತಿಂಗಳು ಒಂದು ಹೊಸ ಥರದ ಆರ್ಡರ್ ಬಂತು. ಲಡಾಖ್‌ನಲ್ಲಿ, ಒಂದು ಹಳ್ಳಿಯ ಮೇಲುಗಡೆ, ದೊಡ್ಡ ಬಂಡೆಯಲ್ಲಿ ಬಿರುಕು ಬಿಟ್ಟಿದೆಯಂತೆ. ಅದು ವರ್ಷಕ್ಕೆ ಎಷ್ಟು ಅಗಲವಾಗುತ್ತಿದೆ ಅಂತ ಅಳೆಯಬೇಕು. ಕರೆಂಟಿಲ್ಲ, ಸೋಲಾರ್ ಪ್ಯಾನೆಲ್ ಹಿಮದಲ್ಲಿ ಹೂತುಹೋಗುತ್ತದೆ. ಅದಕ್ಕೇ ಪೂರ್ತಿ ಮೆಕ್ಯಾನಿಕಲ್ ಸಾಧನವೇ ಬೇಕು ಅಂದಿದ್ದಾರೆ. ಹಳ್ಳಿಯವರೊಬ್ಬರು ಹದಿನೈದು ದಿನಕ್ಕೊಮ್ಮೆ ಹತ್ತಿಹೋಗಿ ರೀಡಿಂಗ್ ಬರೆದುಕೊಂಡು ಬರುತ್ತಾರೆ. ರಾತ್ರಿ ಮೈನಸ್ 40ಕ್ಕೂ ಕೆಲಸ ಮಾಡಬೇಕು.

ನಾನು ಮಾಡಿದ್ದು ಇಷ್ಟು. ಬಿರುಕಿನ ಆ ಕಡೆ ಒಂದು ಆಂಕರ್, ಈ ಕಡೆ ಒಂದು ಆಂಕರ್. ನಡುವೆ 500 ಮಿ.ಮೀ. ಉದ್ದದ ಅಲ್ಯೂಮಿನಿಯಂ ರಾಡು. ರಾಡಿನ ತುದಿಗೆ ತಾಗುವ ಹಾಗೆ ಡಯಲ್ ಗೇಜು: ಅದರ ಕಡ್ಡಿ (ಪ್ಲಂಜರ್) ಒತ್ತಿದಷ್ಟೂ ಮುಳ್ಳು ತಿರುಗುತ್ತದೆ, ಒಂದು ಗೆರೆಗೆ 0.01 ಮಿ.ಮೀ. ಗೇಜಿನ 8 ಮಿ.ಮೀ. ಸ್ಟೆಮ್ಮನ್ನು, ಅಂದರೆ ಪ್ಲಂಜರ್ ಓಡಾಡುವ ಕೊಳವೆಯನ್ನು, ಅಲ್ಯೂಮಿನಿಯಂ ಬ್ರಾಕೆಟ್‌ನಲ್ಲಿ ಸೀಳು ಬಿಟ್ಟು, ಬೋಲ್ಟ್ ಹಾಕಿ ಬಿಗಿದಿದ್ದೇನೆ.

ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಹಾಕಿ ಪರೀಕ್ಷೆ ಮಾಡಿದೆ. ಮೈನಸ್ 20ರವರೆಗೆ ಮುಳ್ಳು ಚೆನ್ನಾಗಿ ಓಡಿತು. 28ರ ಹತ್ತಿರ ಪ್ಲಂಜರ್ ಒತ್ತಿ ಬಿಟ್ಟರೆ ನಿಧಾನವಾಗಿ ವಾಪಸ್ ಬರುತ್ತಿತ್ತು. 35 ದಾಟಿದ ಮೇಲೆ ಒತ್ತಿದ ಕಡೆಯೇ ನಿಂತುಬಿಟ್ಟಿತು. ಹೊರಗೆ ತೆಗೆದು ಟೇಬಲ್ ಮೇಲಿಟ್ಟೆ, ಐದೇ ನಿಮಿಷದಲ್ಲಿ ಮೈತುಂಬಾ ನೀರು. ಮಾರನೇ ದಿನ ಹಿಂದಿನ ಮುಚ್ಚಳ ಬಿಚ್ಚಿದರೆ ರ್ಯಾಕ್ ಹಲ್ಲಿನ ಮೇಲೆ ಕೆಂಪಗೆ ತುಕ್ಕು.

ಲೋಹ ಕುಗ್ಗಿ ಪ್ಲಂಜರ್ ಹಿಡಿದುಕೊಂಡಿದೆ ಅಂತ ನನ್ನ ಅಂದಾಜು. ಪ್ಲಂಜರಿಗೆ ರಬ್ಬರ್ ಓ-ರಿಂಗ್ ಹಾಕಿ, ಒಳಗೆ ಒಳ್ಳೆ ಗ್ರೀಸ್ ತುಂಬಿ, ಪೂರ್ತಿ ಸೀಲ್ ಮಾಡಿಬಿಡೋಣ ಅಂತಿದ್ದೇನೆ. ಚಳಿ ಜಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸೆಪ್ಟೆಂಬರ್ ಒಳಗೆ ಇದು ಲೇಹ್ ತಲುಪಬೇಕು.

ಮಲ್ಲೇಶ್ವರಂ ಸರ್ಕ್ಯೂಟ್:

ಗೇಜಿನ ಸುತ್ತ ಒಂದು ಸಣ್ಣ ಹೀಟಿಂಗ್ ಪ್ಯಾಡ್ ಸುತ್ತಿ. ಲಿಥಿಯಂ ಬ್ಯಾಟರಿ ಜೊತೆ ಕೊಡಿ. ರೀಡಿಂಗ್ ತೆಗೆಯುವ ಮೊದಲು ಹತ್ತು ನಿಮಿಷ ಆನ್ ಮಾಡಿದರೆ ಸಾಕು ಅಲ್ವಾ?

ಹಳೇ ಮೈತ್ರಿ:

ಹೀಟರ್ ಬೇಡ. ಗ್ರೀಸ್ ಅಂತೂ ಬೇಡವೇ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಗಡಿಯಾರ ರಿಪೇರಿ ಕಲಿತದ್ದು ಚಿಕ್ಕಪೇಟೆಯಲ್ಲಿ, ಸೋದರಮಾವನ ಅಂಗಡಿಯಲ್ಲಿ. ಆಮೇಲೆ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದೆ. ಅಂಟಾರ್ಕ್ಟಿಕಾದ ಮೈತ್ರಿ ಸ್ಟೇಷನ್‌ನಲ್ಲಿ ಒಂದು ಪೂರ್ತಿ ಚಳಿಗಾಲ ಇದ್ದೆ. ಮೈತ್ರಿ ಶುರುವಾಗಿದ್ದು 1989ರಲ್ಲಿ, ನಾನು ಹೋಗಿದ್ದು ಅದಾದ ಕೆಲವು ವರ್ಷಕ್ಕೆ. ಅಲ್ಲಿ ಗಾಳಿ, ಉಷ್ಣಾಂಶ, ಒತ್ತಡ ಅಳೆಯುವ ಸಾಧನಗಳನ್ನು ಓಡುವ ಸ್ಥಿತಿಯಲ್ಲಿಡುವುದೇ ನನ್ನ ಕೆಲಸ.

ಜುಲೈ ತಿಂಗಳು. ಸೂರ್ಯ ಮುಖ ತೋರಿಸದೆ ತಿಂಗಳ ಮೇಲಾಗಿತ್ತು. ಹೊರಗಿನ ಪೆಟ್ಟಿಗೆಯಲ್ಲಿ ಒಂದು ಥರ್ಮೋಗ್ರಾಫ್ ಇತ್ತು. ಕೀಲಿ ಕೊಟ್ಟರೆ ಡ್ರಮ್ ವಾರಕ್ಕೆ ಒಂದು ಸುತ್ತು ತಿರುಗುತ್ತದೆ, ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಒಂದು ದಿನ ನೋಡಿದರೆ ಗೆರೆ ಮುಂದಕ್ಕೆ ಹೋಗಿಯೇ ಇಲ್ಲ, ಒಂದೇ ಜಾಗದಲ್ಲಿ ಮೇಲೆ ಕೆಳಗೆ ಗೀಚಿದೆ. ಡ್ರಮ್ ನಿಂತುಹೋಗಿತ್ತು. ಅದನ್ನು ಬೆಚ್ಚಗಿನ ಕೋಣೆಗೆ ತಂದೆ. ಹತ್ತು ನಿಮಿಷಕ್ಕೆ ತಾನಾಗಿಯೇ ಟಿಕ್ ಟಿಕ್ ಅನ್ನತೊಡಗಿತು. ಸರಿಹೋಯಿತು ಅಂದುಕೊಂಡು ವಾಪಸ್ ಹೊರಗಿಟ್ಟೆ. ಒಂದು ಗಂಟೆಯೊಳಗೆ ಮತ್ತೆ ನಿಂತಿತು. ಈ ಸಲ ಮೊದಲಿಗಿಂತ ಕೆಟ್ಟದಾಗಿ.

ಎರಡನೇ ಸಲ ಅದನ್ನು ಒಳಗೆ ತರಲಿಲ್ಲ. ಬಾಗಿಲ ಹತ್ತಿರದ ಚಳಿ ಶೆಡ್ಡಿನಲ್ಲೇ ಟಾರ್ಚ್ ಹಿಡಿದು ಬಿಚ್ಚಿದೆ. ಪಿವಟ್‌ಗಳ (ಗಾಲಿ ತಿರುಗುವ ಅಚ್ಚಿನ ತುದಿಗಳ) ಸುತ್ತ ಎಣ್ಣೆ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ, ಗಾಲಿಯ ಹಲ್ಲುಗಳ ನಡುವೆ, ಸಕ್ಕರೆ ಉದುರಿಸಿದ ಹಾಗೆ ಸಣ್ಣ ಸಣ್ಣ ಹರಳು. ಅದು ಮಂಜು. ಮೊದಲನೇ ಸಲ ಒಳಗೆ ತಂದಾಗ ಕೋಣೆಯ ಗಾಳಿಯಲ್ಲಿದ್ದ ತೇವ ತಣ್ಣನೆ ಲೋಹದ ಮೇಲೆ ನೀರಾಗಿ ಕೂತಿತ್ತು. ಹೊರಗಿಟ್ಟಾಗ ಆ ನೀರೇ ಹೆಪ್ಪುಗಟ್ಟಿತ್ತು. ಅಂದರೆ ಎರಡನೇ ಸಲ ಅದನ್ನು ನಿಲ್ಲಿಸಿದ್ದು ನನ್ನ ಕೈಯೇ.

ನಿಮ್ಮ ಗೇಜಿಗೂ ಆಗಿದ್ದು ಇದೇ. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಇಳಿದರೆ, ಉಕ್ಕು ಸುಮಾರು 11.5 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಕುಗ್ಗುತ್ತದೆ. ಹಿತ್ತಾಳೆ 19, ಅಲ್ಯೂಮಿನಿಯಂ 23. ಪ್ಲಂಜರ್ ಉಕ್ಕು, ದಪ್ಪ ನಾಲ್ಕೂವರೆ ಮಿ.ಮೀ. ಅಂತಿಟ್ಟುಕೊಳ್ಳಿ. ಅದು ಜಾರುವ ಬುಷ್ ಹಿತ್ತಾಳೆಯದ್ದೇ ಆಗಿದ್ದರೂ 20ರಿಂದ ಮೈನಸ್ 40ಕ್ಕೆ ಹೋದರೆ ಸಡಿಲ ಕಡಿಮೆಯಾಗುವುದು 2 ಮೈಕ್ರಾನ್ ಅಷ್ಟೇ. ಅಷ್ಟಕ್ಕೆ ಪ್ಲಂಜರ್ ನಿಲ್ಲುವುದಿಲ್ಲ. ನಿಲ್ಲಿಸಿದ್ದು ಎಣ್ಣೆ, ತೇವ, ಇನ್ನೊಂದು ನಿಮ್ಮ ಬ್ರಾಕೆಟ್. ಸ್ಟೆಮ್ ಉಕ್ಕಿನದು, ಅದನ್ನು ಸುತ್ತಿ ಹಿಡಿದಿರುವುದು ಅಲ್ಯೂಮಿನಿಯಂ. 8 ಮಿ.ಮೀ. ವ್ಯಾಸಕ್ಕೆ ಐದೂವರೆ ಮೈಕ್ರಾನ್ ಜಾಸ್ತಿ ಹಿಸುಕುತ್ತದೆ. ಬೆಂಗಳೂರಿನಲ್ಲೇ ಸ್ಟೆಮ್ ಬೋಲ್ಟ್ ಸ್ವಲ್ಪ ಜಾಸ್ತಿ ತಿರುಗಿಸಿದರೆ ಪ್ಲಂಜರ್ ಬಿಗಿಯಾಗುತ್ತದೆ, ನೀವು ನೋಡಿರುತ್ತೀರಿ. ಚಳಿ ಅದೇ ಬೋಲ್ಟನ್ನು ತಾನಾಗಿ ತಿರುಗಿಸಿದ ಹಾಗೆ. ಸ್ಟೆಮ್ ಹಿಡಿಯುವುದನ್ನೇ ಬಿಟ್ಟುಬಿಡಿ. ಹಿಂದಿನ ಮುಚ್ಚಳದಲ್ಲಿ ತೂತಿರುವ ಕಿವಿ ಚಾಚಿಕೊಂಡಿರುವ ಗೇಜ್ ತಗೊಂಡು, ಆ ಕಿವಿಗೆ ಬೋಲ್ಟ್ ಹಾಕಿ ಕೂರಿಸಿ.

ಬೇರಿಂಗ್ ವಿಷಯದಲ್ಲೂ ಇದೇ ಕಥೆ. ಬಟ್ಟಲು ತಿರುಗಿ ಗಾಳಿಯ ವೇಗ ಅಳೆಯುವ ಒಂದು ಹೊಸ ಸಾಧನ ತಂದಿದ್ದರು, ಅಲ್ಯೂಮಿನಿಯಂ ಮನೆಯೊಳಗೆ (ಹೌಸಿಂಗ್) 608 ಅನ್ನುವ ಸಣ್ಣ ಬಾಲ್ ಬೇರಿಂಗನ್ನು ಬಿಗಿಯಾಗಿ ಒತ್ತಿ ಕೂರಿಸಿದ್ದು. ಹೊರಗಿನ ವ್ಯಾಸ 22 ಮಿ.ಮೀ. 50 ಡಿಗ್ರಿ ಇಳಿದರೆ ಅಲ್ಯೂಮಿನಿಯಂ ಆ ಬೇರಿಂಗನ್ನು ಹನ್ನೆರಡು ಮೈಕ್ರಾನ್‌ನಷ್ಟು ಹಿಸುಕುತ್ತದೆ. ಅಂಥಾ ಬೇರಿಂಗಿನ ಒಳ ಸಡಿಲ ಇರುವುದೇ ಹತ್ತು ಮೈಕ್ರಾನ್ ಆಸುಪಾಸು. ಬಟ್ಟಲು ಕೈಯಲ್ಲಿ ತಿರುಗಿಸಿದರೂ ಮರಳು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಕೊನೆಗೆ ಮನೆಯನ್ನು ಸ್ವಲ್ಪ ಸಡಿಲ ಬೋರ್ ಮಾಡಿ, ಗ್ರೀಸ್ ಪೂರ್ತಿ ತೊಳೆದು, ಒಳ ಸಡಿಲ ಮಾಮೂಲಿಗಿಂತ ಜಾಸ್ತಿ ಇರುವ ಸಿ3 ಬೇರಿಂಗ್ ಹಾಕಿದ ಮೇಲೆ ಓಡಿತು.

ಆದ್ದರಿಂದ ನನ್ನ ಮಾತು ಇಷ್ಟು: ಒಂದಕ್ಕೊಂದು ತಾಗಿ ಓಡುವ ಭಾಗಗಳೆಲ್ಲ ಒಂದೇ ಲೆಕ್ಕದಲ್ಲಿ ಕುಗ್ಗಬೇಕು, ಅವುಗಳ ನಡುವೆ ಏನೂ ಇರಬಾರದು. ಎಣ್ಣೆಯೂ ಬೇಡ, ನೀರೂ ಬೇಡ. ಹೊಸ ಡಯಲ್ ಗೇಜನ್ನು ಬಿಚ್ಚಿ, ವೈಟ್ ಪೆಟ್ರೋಲ್‌ನಲ್ಲಿ ಎರಡು ಮೂರು ಸಲ ತೊಳೆಯಿರಿ, ಕೊನೆಯ ಸಲ ಹೊಸ ಪೆಟ್ರೋಲು. ಒಣಗಿಸಿ, ಒಣಗಿದ ಹಾಗೇ ಜೋಡಿಸಿ. ಹದಿನೈದು ದಿನಕ್ಕೊಮ್ಮೆ ಒತ್ತುವ ಪ್ಲಂಜರಿಗೆ ಎಣ್ಣೆ ಬೇಕಿಲ್ಲ. ತೀರಾ ಮನಸ್ಸು ಒಪ್ಪದಿದ್ದರೆ ಮಾಲಿಬ್ಡಿನಂ ಡೈಸಲ್ಫೈಡ್ ಅನ್ನುವ, ಎಣ್ಣೆಯ ಬದಲು ಬಳಸುವ ಒಣ ಪುಡಿಯನ್ನು ಬಟ್ಟೆಯಲ್ಲಿ ತಿಕ್ಕಿ, ಒರೆಸಿಬಿಡಿ. ಕಣ್ಣಿಗೆ ಪುಡಿ ಕಂಡರೆ ಅದು ಜಾಸ್ತಿ ಆಯಿತು ಅಂತ.

ಹೀಟರ್ ಯಾಕೆ ಬೇಡ ಅಂದರೆ, ಬಿಸಿ ಮಾಡಿದಾಗ ಸುತ್ತಲಿನ ಹಿಮ ಕರಗಿ ನೀರಾಗುತ್ತದೆ, ಆರಿಸಿದಾಗ ಅದು ಗೇಜಿನೊಳಗೇ ಹೆಪ್ಪುಗಟ್ಟುತ್ತದೆ. ಚಳಿಯಲ್ಲಿರುವ ಸಾಧನವನ್ನು ಚಳಿಯಲ್ಲೇ ಬಿಡಬೇಕು. ಒಳಗೆ ತರಲೇಬೇಕಾದರೆ ಹೊರಗಡೆಯೇ ಪಾಲಿಥೀನ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಆಮೇಲೆ ತನ್ನಿ. ನೀರು ಚೀಲದ ಮೇಲೆ ಕೂರುತ್ತದೆ, ಗೇಜಿನ ಮೇಲಲ್ಲ. ಸಾಧನ ಕೋಣೆಯಷ್ಟು ಬೆಚ್ಚಗಾಗುವವರೆಗೆ ಗಂಟು ಬಿಚ್ಚಬೇಡಿ.

ಇನ್ನು ರಾಡು. 500 ಮಿ.ಮೀ. ಅಲ್ಯೂಮಿನಿಯಂ 60 ಡಿಗ್ರಿಗೆ 0.69 ಮಿ.ಮೀ. ಕುಗ್ಗುತ್ತದೆ. ಬಿರುಕು ವರ್ಷಕ್ಕೆ ಅದಕ್ಕಿಂತ ಕಡಿಮೆ ಅಗಲವಾಗುತ್ತಿರಬಹುದು. ಹಾಗಾದರೆ ನೀವು ಅಳೆಯುವುದು ಬಿರುಕನ್ನಲ್ಲ, ರಾಡನ್ನು. ಇನ್ವಾರ್ ಹಾಕಿ. 36 ಶೇಕಡಾ ನಿಕಲ್, ಉಳಿದದ್ದು ಕಬ್ಬಿಣ. ಅದೇ 500 ಮಿ.ಮೀ.ಗೆ 0.04 ಒಳಗೆ ಮುಗಿಯುತ್ತದೆ. ಷಾರ್ಲ್ ಗಿಯೋಮ್ ಅನ್ನುವವರು ಪ್ಯಾರಿಸ್ ಪಕ್ಕದ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಬ್ಯೂರೋದಲ್ಲಿ 1896ರಲ್ಲಿ ಇದನ್ನು ಕಂಡುಹಿಡಿದರು. 1920ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅಳತೆ ಕೆಲಸಕ್ಕೆ ನೊಬೆಲ್ ಬಂತಲ್ಲ ಅಂತ ನನಗೆ ಇವತ್ತಿಗೂ ಖುಷಿ.

ಪೀಣ್ಯ ಫಿಟ್ಟರ್:

ಸರ್, ಓದಿದ ತಕ್ಷಣ ಹೋಗಿ ಗೇಜ್ ಬಿಚ್ಚಿ ತೊಳೆದೆ. ಪೆಟ್ರೋಲ್ ಆರಿದ ಮೇಲೆ ಬಟ್ಟಲಿನ ತಳದಲ್ಲಿ ಹಳದಿ ಎಣ್ಣೆ ನಿಂತಿತು. ಇಷ್ಟು ಎಣ್ಣೆ ಒಳಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎರಡು ಪ್ರಶ್ನೆ. ಧೂಳು, ಹಿಮ ಒಳಗೆ ಹೋಗದ ಹಾಗೆ ಪ್ಲಂಜರಿಗೆ ಟೆಫ್ಲಾನ್ ಬುಷ್ ಹಾಕಲಾ? ಟೆಫ್ಲಾನ್ ಚಳಿಗೆ ಗಟ್ಟಿಯಾಗುವುದಿಲ್ಲ ಅಂತಾರೆ. ಇನ್ನೊಂದು, ಅರ್ಧ ಮೀಟರ್ ಇನ್ವಾರ್ ರಾಡಿಗೆ ವಿಚಾರಿಸಿದೆ. ಹೇಳಿದ ರೇಟು ಕೇಳಿ ಗಾಬರಿಯಾಯಿತು. ಒಂಬತ್ತು ಜಾಗದಲ್ಲಿ ಕೂರಿಸಬೇಕು ಸರ್.

ಕೆಜಿಎಫ್ ಬಂಡೆ:

ನಾನು ಕೋಲಾರ ಗೋಲ್ಡ್ ಫೀಲ್ಡ್ಸ್‌ನವನು. ನಮ್ಮಪ್ಪ ಗಣಿಯಲ್ಲಿ ಇದ್ದರು. ಮೂರು ಕಿಲೋಮೀಟರ್‌ಗಿಂತ ಆಳ, ಅಲ್ಲಿ ಬಂಡೆಯೇ 60 ಡಿಗ್ರಿಗಿಂತ ಬಿಸಿ. ನಿಮ್ಮದಕ್ಕೆ ಪೂರ್ತಿ ಉಲ್ಟಾ. ಗಣಿ 2001ರಲ್ಲಿ ಮುಚ್ಚಿತು. ಬಂಡೆ ಅಲುಗುವುದನ್ನು ಅಳೆಯುವ ಕೆಲಸವನ್ನು ನಾನು ಈಗ ಸುರಂಗಗಳಲ್ಲಿ ಮಾಡುತ್ತೇನೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಗೇಜನ್ನು ಚಳಿಗಾಲ ಪೂರ್ತಿ ಅಲ್ಲೇ ಯಾಕೆ ಬಿಡಬೇಕು? ಹೇಗೂ ಒಬ್ಬರು ಹತ್ತಿಹೋಗುತ್ತಾರಲ್ಲ. ಬಿರುಕಿನ ಎರಡೂ ಕಡೆ ಬಂಡೆಯಲ್ಲಿ ಬರೀ ಸ್ಟೇನ್‌ಲೆಸ್ ಪಿನ್ ಕೂರಿಸಿ, ತಲೆಯಲ್ಲಿ ಸಣ್ಣ ಕೋನ್ ಗುಳಿ ಮಾಡಿ. ಎರಡು ಚೂಪು ಕಾಲಿರುವ ಗೇಜನ್ನು ಜೊತೆಗೆ ತಗೊಂಡು ಹೋಗಿ, ಆ ಗುಳಿಗಳಲ್ಲಿ ಕೂರಿಸಿ, ಓದಿ, ವಾಪಸ್ ತರುವುದು. ಕಾಂಕ್ರೀಟ್ ಬಿರುಕು ಅಳೆಯಲು ಬಳಸುವ ಡೆಮೆಕ್ ಗೇಜ್ ಹೀಗೇ ಇರುತ್ತದೆ. ಅದರ ಜೊತೆ ಒಂದು ಇನ್ವಾರ್ ಬಾರ್ ಕೊಡುತ್ತಾರೆ. ಪ್ರತಿ ಸಲ ಮೊದಲು ಬಾರ್ ಮೇಲೆ ಓದಬೇಕು, ಆಮೇಲೆ ಪಿನ್ ಮೇಲೆ. ಎರಡರ ವ್ಯತ್ಯಾಸವೇ ನಿಮ್ಮ ಅಳತೆ. ಒಂಬತ್ತು ಜಾಗಕ್ಕೂ ಒಂದೇ ಗೇಜು, ಒಂದೇ ಬಾರು.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಮರೆಯುತ್ತಾರೆ. ಬಂಡೆಯೂ ಕುಗ್ಗುತ್ತದೆ. ಗ್ರಾನೈಟ್ ಆದರೆ ಮೀಟರಿಗೆ, ಡಿಗ್ರಿಗೆ 8 ಮೈಕ್ರಾನ್ ಹತ್ತಿರ. ಆದ್ದರಿಂದ ಬಿರುಕಿಲ್ಲದ ಗಟ್ಟಿ ಜಾಗದಲ್ಲಿ, ಅದೇ ಅಂತರದಲ್ಲಿ, ಇನ್ನೊಂದು ಜೊತೆ ಪಿನ್ ಹಾಕಿ. ಬಂಡೆ ಚಳಿಗೆ ಎಷ್ಟು ಅಲುಗಿತು ಅಂತ ಅದು ಹೇಳುತ್ತದೆ. ಪಿನ್ ತೂತು ಕೊರೆಯುವಾಗ ಬಾಯಿ ಸ್ವಲ್ಪ ಕೆಳಗೆ ಇಳಿಜಾರಾಗಿರಲಿ. ಒಳಗೆ ನೀರು ನಿಂತರೆ ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಉಬ್ಬುತ್ತದೆ, ಪಿನ್ನನ್ನೇ ಹೊರಗೆ ತಳ್ಳುತ್ತದೆ.

ಹಳೇ ಮೈತ್ರಿ:

ಕೆಜಿಎಫ್‌ನವರು ಹೇಳಿದ್ದು ನನ್ನದಕ್ಕಿಂತ ಒಳ್ಳೆಯ ದಾರಿ. ನಾನು ಒಂದು ಕಡೆ ಇಟ್ಟು ಬಿಡುವ ಸಾಧನಗಳ ಜೊತೆಯೇ ಬದುಕಿದವನು, ಅದಕ್ಕೇ ನನಗೆ ಹೊಳೆಯಲಿಲ್ಲ. ಚಳಿಗಾಲ ಪೂರ್ತಿ ಹೊರಗಿದ್ದರೆ ಹಿಮ ಒಳಗೆ ಹೋಗದ ಹಾಗೆ ತಡೆಯುವುದೇ ದೊಡ್ಡ ಪಾಡು. ಬಿರುಗಾಳಿಯಲ್ಲಿ ಬರುವ ಹಿಮ ಅಕ್ಕಿ ಹಿಟ್ಟಿಗಿಂತ ನುಣುಪು. ಮೈತ್ರಿಯಲ್ಲಿ ಒಂದು ಪೆಟ್ಟಿಗೆಗೆ ಗಾಳಿಯಾಡಲಿ ಅಂತ ಬಿಟ್ಟಿದ್ದ ಸೂಜಿ ತೂತಿನಿಂದ ರಾತ್ರೋರಾತ್ರಿ ಹಿಮ ನುಗ್ಗಿತ್ತು. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆ ಇಡ್ಲಿ ತಟ್ಟೆ ತುಂಬಿದ ಹಾಗೆ ಗಟ್ಟಿಯಾಗಿ ಕೂತಿತ್ತು.

ಈಗ ಖರ್ಚೂ ಉಳಿಯಿತು ನೋಡಿ. ಪ್ರತಿ ಸಲ ಬಾರ್ ಮೇಲೆ ಓದುವುದಾದರೆ ಗೇಜಿನ ಮೈ ಇನ್ವಾರ್ ಆಗಬೇಕಿಲ್ಲ. ಮೈ ಉಕ್ಕಿನದೇ ಇರಲಿ, ಅದು ಕುಗ್ಗಿದ್ದು ಎರಡೂ ರೀಡಿಂಗ್‌ನಲ್ಲಿ ಒಂದೇ ಥರ ಬರುತ್ತದೆ, ಕಳೆದಾಗ ಹೋಗಿಬಿಡುತ್ತದೆ. ಅಂತರವನ್ನು 200 ಮಿ.ಮೀ.ಗೆ ಇಳಿಸಿ. ಒಂದು ಗೇಣಿನಷ್ಟು ಇನ್ವಾರ್ ಸಾಕು. 60 ಡಿಗ್ರಿಗೆ ಆ ಬಾರ್ ಕುಗ್ಗುವುದು 0.015 ಮಿ.ಮೀ. ಒಳಗೆ, ಅದನ್ನೂ ಲೆಕ್ಕದಲ್ಲಿ ಹಿಡಿಯಬಹುದು. ಬಾರ್ ಕೆಳಗೆ ಬೀಳಿಸಬಾರದು, ಬಗ್ಗಿಸಬಾರದು. ಇನ್ವಾರ್ ತುಕ್ಕೂ ಹಿಡಿಯುತ್ತದೆ, ಅದಕ್ಕೊಂದು ಮರದ ಡಬ್ಬಿ ಮಾಡಿ.

ಆದರೆ ಒಂದು ಷರತ್ತು. ಎರಡು ರೀಡಿಂಗ್‌ಗೂ ಗೇಜು, ಬಾರು ಒಂದೇ ತಂಪಿನಲ್ಲಿರಬೇಕು. ಹೋದವರು ಗೇಜನ್ನು ಕೋಟಿನೊಳಗೆ, ಎದೆ ಹತ್ತಿರ ಇಟ್ಟುಕೊಂಡು ಹೋಗಬಾರದು. ಬೆನ್ನ ಮೇಲಿನ ಚೀಲದಲ್ಲಿ, ಹೊರ ಜೇಬಿನಲ್ಲಿ. ಮೇಲೆ ಹೋದ ಮೇಲೆ ನೆರಳಿನಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಓದಬೇಕು.

ಟೆಫ್ಲಾನ್ ಕೇಳಿದಿರಿ. ಅದು ಚಳಿಗೆ ಹೆದರುವುದಿಲ್ಲ ಅನ್ನುವುದು ನಿಜ. ಆದರೆ ಉಕ್ಕಿನ ಹತ್ತು ಪಟ್ಟು ಕುಗ್ಗುತ್ತದೆ. ನಾಲ್ಕೂವರೆ ಮಿ.ಮೀ. ಪ್ಲಂಜರಿನ ಸುತ್ತ ಸುಮಾರು 30 ಮೈಕ್ರಾನ್ ಬಿಗಿಯುತ್ತದೆ. ಮೊದಲು ಹೇಳಿದ 2 ಮೈಕ್ರಾನ್ ಜೊತೆ ಹೋಲಿಸಿ. ನೈಟ್ರೈಲ್ ರಬ್ಬರ್ ಓ-ರಿಂಗ್ ಅಂತೂ ಆ ಚಳಿಯಲ್ಲಿ ಬಳೆಯ ಹಾಗೆ ಗಟ್ಟಿ. 1986ರಲ್ಲಿ ಅಮೆರಿಕದವರು ಚಾಲೆಂಜರ್ ಬಾಹ್ಯಾಕಾಶ ನೌಕೆ ಕಳೆದುಕೊಂಡಿದ್ದು ಚಳಿಗೆ ಸೆಡೆತುಕೊಂಡ ಓ-ರಿಂಗಿನಿಂದ, ಅಲ್ಲಿ ಚಳಿ ಇದ್ದದ್ದು ಬರೀ ಸೊನ್ನೆಯ ಆಸುಪಾಸು. ಏನೂ ಹಾಕಬೇಡಿ. ಒಯ್ದು ತರುವ ಗೇಜಿಗೆ ಸೀಲ್ ಬೇಕಿಲ್ಲ.

ಜೊತೆಗೆ ಕೊಡುವ ಥರ್ಮಾಮೀಟರ್ ಆಲ್ಕೋಹಾಲಿನದ್ದಿರಲಿ. ಪಾದರಸ ಮೈನಸ್ 38.8ಕ್ಕೆ ಗಟ್ಟಿಯಾಗುತ್ತದೆ.

ಶಿವಮೊಗ್ಗ ಟು ಸಾಸ್ಕಟೂನ್:

ನಾನು ಕೆನಡಾದಲ್ಲಿ ಮಣ್ಣು ಪರೀಕ್ಷೆಯ ಫೀಲ್ಡ್ ಕೆಲಸ ಮಾಡುತ್ತೇನೆ. ಇಲ್ಲಿ ಜನವರಿಯಲ್ಲಿ ಮೈನಸ್ 40 ನೋಡಿದ್ದೇನೆ. ಎಲ್ಲರೂ ಸಾಧನದ ಬಗ್ಗೆ ಹೇಳಿದಿರಿ, ನಾನು ಓದುವವರ ಬಗ್ಗೆ ಹೇಳುತ್ತೇನೆ.

ಅವರು ದಪ್ಪ ಗವಸು ಹಾಕಿಕೊಂಡಿರುತ್ತಾರೆ. ಅದನ್ನು ತೆಗೆಸಬೇಡಿ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ, ಎಳೆದರೆ ಕಿತ್ತುಬರುತ್ತದೆ. ಹಿಡಿ ಮರದ್ದಿರಲಿ, ಮುಷ್ಟಿ ತುಂಬುವಷ್ಟು ದಪ್ಪ ಇರಲಿ. ತಿರುಗಿಸುವ ಸಣ್ಣ ತಿರುಪು ಒಂದೂ ಬೇಡ. ಡಯಲ್ ದೊಡ್ಡದಿರಲಿ, ಯಾಕೆಂದರೆ ಹತ್ತಿರ ಬಗ್ಗಿ ನೋಡಿದರೆ ಉಸಿರು ಗಾಜಿನ ಮೇಲೆ ಬಿದ್ದು ಆ ಕ್ಷಣವೇ ಬೆಳ್ಳಗೆ ಮಂಜು ಕಟ್ಟುತ್ತದೆ. ನಾವು ಉಸಿರು ಬಿಗಿಹಿಡಿದು ಓದಿ, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತೇವೆ. ಬರೆಯಲು ಪೆನ್ಸಿಲ್ ಕೊಡಿ. ಪೆನ್ನಿನ ಇಂಕು ಬರುವುದಿಲ್ಲ.

ಪೀಣ್ಯ ಫಿಟ್ಟರ್:

ಮೂರು ವಾರ ಆಯಿತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಡಿದ್ದನ್ನು ಹೇಳುತ್ತೇನೆ.

ಗೇಜಿನ ಮೈ ಉಕ್ಕಿನದು, ಕಾಲುಗಳ ಅಂತರ 200 ಮಿ.ಮೀ. ಒಂದು ಕಾಲು ಗಟ್ಟಿ, ಇನ್ನೊಂದು ಪಟ್ಟಿ ಸ್ಪ್ರಿಂಗ್ ಮೇಲೆ ಬಾಗುತ್ತದೆ. ಪಿವಟ್ಟೇ ಇಲ್ಲ, ಆದ್ದರಿಂದ ಅಲ್ಲಿ ಎಣ್ಣೆಯ ಮಾತೂ ಇಲ್ಲ. ಡಯಲ್ ತೊಳೆದು ಒಣಗಿಸಿದ್ದು, ಕಿವಿ ಬೋಲ್ಟಿನಲ್ಲಿ ಕೂತಿದೆ. ಹಿಡಿ ಸಾಗುವಾನಿ, ನಮ್ಮ ರಸ್ತೆಯ ಬಡಗಿಯೇ ಮಾಡಿಕೊಟ್ಟರು.

ವರ್ಕ್‌ಶಾಪ್ ಹೊರಗಡೆ, ಬಯಲಲ್ಲಿ, ಡ್ರೈ ಐಸ್ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿದೆ. ಮೊದಲ ಸಲ ಶೆಟರ್ ಎಳೆದುಕೊಂಡು ಮಾಡಿ ತಲೆ ಸುತ್ತಿತ್ತು, ಡ್ರೈ ಐಸ್‌ನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಮುಚ್ಚಿದ ಕೋಣೆಯಲ್ಲಿ ಅಪಾಯ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮೈನಸ್ 41ರಲ್ಲಿ ಎರಡು ಗಂಟೆ ಇಟ್ಟೆ. ಪ್ಲಂಜರ್ ಒತ್ತಿ ಬಿಟ್ಟರೆ ಟಕ್ ಅಂತ ವಾಪಸ್ ಬಂತು. ಇನ್ವಾರ್ ಬಾರ್ ಮೇಲೆ ಹತ್ತು ಸಲ ಎತ್ತಿ ಇಟ್ಟು ಓದಿದೆ. ಹತ್ತರಲ್ಲಿ ಎಂಟು ಸಲ ಒಂದೇ ಗೆರೆ, ಎರಡು ಸಲ ಅರ್ಧ ಗೆರೆ ಆಚೀಚೆ. ನಮ್ಮ ಕೋಣೆಯ ರೀಡಿಂಗಿಗೂ ಅದಕ್ಕೂ 12 ಗೆರೆ ವ್ಯತ್ಯಾಸ ಇತ್ತು. ಅಂದರೆ 0.12 ಮಿ.ಮೀ. 200 ಮಿ.ಮೀ. ಉಕ್ಕು 61 ಡಿಗ್ರಿಗೆ 0.14 ಕುಗ್ಗಬೇಕು, ಬಾರ್ ತನ್ನ ಪಾಲಿನ 0.015 ಕುಗ್ಗಿದೆ. ಲೆಕ್ಕ ಸರಿಹೋಯಿತು. ಆ ಕ್ಯಾಲ್ಕುಲೇಟರ್ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಹುಡುಗರನ್ನು ಕರೆದು ಇನ್ನೊಂದು ಸಲ ಲೆಕ್ಕ ಮಾಡಿ ತೋರಿಸಿದೆ.

ಆಮೇಲೆ ಪೆಟ್ಟಿಗೆಯೊಳಗೇ ಪಾಲಿಥೀನ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ ಹೊರಗೆ ತೆಗೆದೆ. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಜೆ ಬಿಚ್ಚಿದಾಗ ಗೇಜು ಒಣಗಿದ ಹಾಗೇ ಇತ್ತು.

ಹಳೇ ಮೈತ್ರಿ:

ಬಹಳ ಸಂತೋಷವಾಯಿತು. ಪಟ್ಟಿ ಸ್ಪ್ರಿಂಗ್ ಮೇಲೆ ಕಾಲು ಕೂರಿಸಿದ್ದು ಚೆನ್ನಾಗಿದೆ, ನಾನಾಗಿದ್ದರೆ ಪಿವಟ್ ಹಾಕುತ್ತಿದ್ದೆ.

ಇನ್ನೊಂದೇ ಕೆಲಸ ಉಳಿದಿದೆ. ಬಾರಿನ ಒಂದು ತುದಿಗೆ, ಗೇಜಿನ ಒಂದು ಕಾಲಿಗೆ, ಪ್ರತಿ ಜೊತೆಯ ಒಂದು ಪಿನ್ನಿಗೆ ಕೆಂಪು ಬಣ್ಣ ಹಚ್ಚಿ. ಕೆಂಪು ಕಾಲು ಯಾವಾಗಲೂ ಕೆಂಪು ಗುಳಿಯಲ್ಲೇ ಕೂರಲಿ. ತಿರುಗಿಸಿ ಇಟ್ಟರೆ ಒಂದೆರಡು ಗೆರೆ ಬೇರೆ ಬರುತ್ತದೆ, ಆ ಗಾಳಿಯಲ್ಲಿ ನಿಂತವರಿಗೆ ಅದು ಯಾಕೆ ಅಂತ ಹೊಳೆಯುವುದಿಲ್ಲ. ಒಂದು ಜೊತೆ ಪೆನ್ಸಿಲನ್ನೂ ಡಬ್ಬಿಯಲ್ಲೇ ದಾರ ಕಟ್ಟಿ ಕಳಿಸಿ.